ಜನವರಿ ಒಂದರ ಚೌಕ

ಹೆಣ ಸಿಂಗರಿಸುವ ಅಂಗಡಿಯವರು ಪುಕ್ಕಟೆ ಹಂಚುವ ಕ್ಯಾಲೆಂಡರು:
ಮೇಲೆ ಜಡೆಗಟ್ಟಿದ ಓಕ್ ಮರ, ಕೆಳಗೆ ದಪ್ಪಕ್ಷರದ ಫೋನ್ ನಂಬರು.
ಅಂಥವು ಮೂವತ್ತೊಂದು, ವರ್ಷಕ್ಕೊಂದರಂತೆ,
ಅಡುಗೆಮನೆಯ ಒಂದೇ ಮೊಳೆಗೆ
ನೇತುಹಾಕಿದ್ದಾಳೆ ಅಜ್ಜಿ ವರ್ಲೀನ್ ಗ್ಯಾಡ್ಸ್‌ಡನ್.
ಮೊಳೆ ಬಾಗಿದೆ.
ಬಿದ್ದಿಲ್ಲ.

"ಬರುವುದಾದರೆ ಒಂದನೇ ತಾರೀಖೇ ಬಾ" ಅಂದಿದ್ದಳು.
ಬ್ಯೂಫರ್ಟಿನ ಲೈಬ್ರರಿಗೆ ರಜೆ. ಆದರೂ ಸ್ಕ್ಯಾನರು ಹೊತ್ತು ಬಂದೆ.
"ಮೊದಲು ತಿನ್ನು. ಯಂತ್ರಕ್ಕೇನು ಹಸಿವೆ?"
ತಟ್ಟೆಯ ತುಂಬ ಅನ್ನದಲ್ಲಿ ಬೆಂದ ಕಾಳು,
ಹೊಟ್ಟೆಯ ಮೇಲೊಂದು ಕರಿಗಣ್ಣು.
ಅಲಸಂದೆ! ಅಂದೆ, ತಡೆಯಲಾರದೆ.
ಅವಳೂ ಅಂದು ನೋಡಿದಳು, ಅ, ಲ, ಸಂ, ದೆ,
ಬಿಸಿ ತುತ್ತನ್ನು ನಾಲಗೆ ಮೇಲೆ ಹೊರಳಿಸುವ ಹಾಗೆ.
"ಹಡಗಿನ ಹೊಟ್ಟೆಯಲ್ಲಿ ನಮ್ಮ ಜೊತೆಗೇ ಬಂತು.
ನಮ್ಮನ್ನು ಎಣಿಸಿದರು. ಇದನ್ನು ಎಣಿಸಲಿಲ್ಲ."

ದಿನಕ್ಕೊಂದು ಚೌಕ, ಚೌಕಕ್ಕೊಂದೆರಡು ಸಾಲು.
ಪ್ರತಿ ಡಿಸೆಂಬರು ಹಳೆಯದರಿಂದ ಹೊಸದಕ್ಕೆ ನಕಲು,
ಪ್ರತಿ ಸಲವೂ ಒಂದು ಸಾಲು ಹೆಚ್ಚು.
ಜನವರಿ ಒಂದು ಮಾತ್ರ ತುಂಬಿ ತುಳುಕಿ
ಎರಡನೇ ತಾರೀಖಿನ ಜಾಗವನ್ನೂ ಒತ್ತುವರಿ ಮಾಡಿದೆ.

೧೮೦೪. ಹೈಟಿ. ಗುಲಾಮರಾಗಿದ್ದವರು ತಮ್ಮದೇ ದೇಶ ಕಟ್ಟಿದರು.
೧೮೦೮. ಹಡಗಿನಲ್ಲಿ ಮನುಷ್ಯರನ್ನು ತರಕೂಡದೆಂದು ಕಾನೂನು.
(ಪಕ್ಕದಲ್ಲಿ, ಪುಟ್ಟದಾಗಿ: ಆಮೇಲೂ ತಂದರು.)
೧೯೫೬, ಸುಡಾನ್. ೧೯೬೦, ಕ್ಯಾಮರೂನ್.
(ಅವತ್ತು ನನಗೆ ಹಲ್ಲುನೋವು.)

ನಡುವೆ ಕೆಂಪು ಶಾಯಿಯಲ್ಲಿ:
೧೮೫೮. ಫಿಬಾಳನ್ನು ಬಾಡಿಗೆಗೆ ಕೊಟ್ಟರು.

"ವರ್ಷದ ಮೊದಲ ದಿನ ಅಂದರೆ ಲೆಕ್ಕದ ದಿನ ಕಣೆ.
ಒಡೆಯನ ಸಾಲ ಚುಕ್ತಾ ಆಗಬೇಕು.
ಕೋರ್ಟಿನ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ
ಮುಂದಿನ ಜನವರಿವರೆಗೆ ಇಷ್ಟು ಡಾಲರು, ಜೊತೆಗೊಂದು ಕಂಬಳಿ.
ನಮ್ಮಮ್ಮನ ಅಜ್ಜಿಯ ತಾಯಿ ಅವಳು.
ಎದೆಹಾಲಿನ ಕೂಸನ್ನು ಒಲೆಯ ಪಕ್ಕ ಬಿಟ್ಟು
ಹೊಳೆಯ ಮೇಲ್ಗಡೆಗೆ ಹೋದಳು."

ಫಿಬಾ ಅಂದರೆ?
"ಶುಕ್ರವಾರ ಹುಟ್ಟಿದವಳು.
ಹಡಗು ಹತ್ತುವಾಗ ಕಟ್ಟಿಕೊಳ್ಳಲು ಗಂಟಿರಲಿಲ್ಲ,
ವಾರಗಳ ಹೆಸರು ಮಾತ್ರ ತಂದೆವು."

ನಾನು ಫೋನಿನಲ್ಲಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋದೆ.
ಆ ವರ್ಷ ಜನವರಿ ಒಂದು
ಶುಕ್ರವಾರ.
ಹೇಳಲೋ ಬೇಡವೋ ಎಂದು ಕಾಳು ಅಗಿಯುತ್ತ ಕೂತೆ.
ಹೇಳಿದೆ.
ಅವಳು ನಲ್ಲಿ ತಿರುಗಿಸಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು.

ನನ್ನ ಮಾತಿನಲ್ಲಿ ತಿಥಿ ಅಂದರೆ ಪಂಚಾಂಗದ ದಿನ,
ತಿಥಿ ಅಂದರೆ ಸತ್ತವರಿಗೆ ಬಡಿಸುವ ಎಡೆಯೂ ಹೌದು.
ಅದನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.
"ಮತ್ತೆ? ಕ್ಯಾಲೆಂಡರು ಕೊಡುವವರು ಹೆಣ ತೊಳೆಯುವವರೇ ತಾನೆ."

ಚೌಕದ ಕೊನೆಯ ಸಾಲು ೧೮೬೩.
ಇಲ್ಲೇ, ಎರಡೂವರೆ ಮೈಲಿ ಆಚೆ, ಓಕ್ ತೋಪಿನಲ್ಲಿ
ಬಿಡುಗಡೆಯ ಕಾಗದ ಓದಿದರು.
ಎತ್ತು ಸುಟ್ಟು ಊಟ ಹಾಕಿದರು. ಬೆಲ್ಲದ ನೀರು ಕೊಟ್ಟರು.
ಸಾವಿರಗಟ್ಟಲೆ ಜನ, ದೋಣಿದೋಣಿಯಾಗಿ.
ಹೊಳೆಯ ಮೇಲಿಂದ ಫಿಬಾ ಬಂದಳೆ?
ಅಲ್ಲಿ ಐದು ವರ್ಷದ ಒಂದು ಮಗು ಯಾರದೋ ಕೈ ಹಿಡಿದು
ಪ್ರತಿ ದೋಣಿಯನ್ನೂ ನೋಡುತ್ತಿತ್ತೆ?
ಅದನ್ನು ಯಾರೂ ಬರೆದಿಡಲಿಲ್ಲ.
ವರ್ಲೀನ್ ಹಾಕಿರುವುದು ಪೆನ್ಸಿಲಿನದೊಂದು ಪ್ರಶ್ನೆ ಚಿಹ್ನೆ,
ಮೂವತ್ತೊಂದು ಸಲ.

ಸ್ಕ್ಯಾನರಿನ ಬೆಳಕು ಹರಿಯಿತು.
ಮರ ಬಂತು. ಫೋನ್ ನಂಬರು ಬಂತು. ಯಾವತ್ತೋ ಸಿಡಿದ
ಅಲಸಂದೆ ಸಾರಿನ ಕಲೆಯೂ ಬಂತು, ಸ್ವಚ್ಛವಾಗಿ.
ಪೆನ್ಸಿಲು ಬರಲಿಲ್ಲ.
ಮತ್ತೆ ಒತ್ತಿದೆ. ಮತ್ತೆ.

"ಬಿಡು," ಅಂದಳು, ಸೌಟು ಎತ್ತಿ,
"ಇನ್ನೊಂದು ಚೂರು ಹಾಕಲಾ?"