ಗುರುವಾರದ ಊಟ ನಮ್ಮಲ್ಲಿಲ್ಲ

ಒಳಗೆ ಬನ್ನಿ. ಚಪ್ಪಲಿಯ ಮರಳು ಅಲ್ಲೇ ಕೊಡವಿ.
ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ:
ಈ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ.
ಬಚ್ಚಲಿನ ಸ್ಟೂಲು ಹತ್ತಿ ನಿಂತರೆ
ಅಂಗೈಯಗಲ ಕಾಣುತ್ತದೆ,
ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ.

ಸಮುದ್ರವೇ ಬೇಕೆಂದರೆ ದಿಣ್ಣೆಯಾಚೆ ಹೊಸ ಹೋಟೆಲಿದೆ.
ಬಿಳಿ ಕುರ್ಚಿ, ಬಿಳಿ ಕೊಡೆ, ಈಜಲು ನೀಲಿ ಕೊಳ.
ಆ ಕೊಳ ತುಂಬಿದ ವಾರ
ನಮ್ಮ ಓಣಿಗೆ ನೀರಿನ ಲಾರಿ ಬರಲಿಲ್ಲ.
ದೂರುತ್ತಿಲ್ಲ, ಲೆಕ್ಕ ಹೇಳಿದೆ.
ನನ್ನ ಮಗ ಎಲ್ರಿಕ್ ಅಲ್ಲೇ ಟವೆಲು ಮಡಿಸುತ್ತಾನೆ,
ಹಂಸದ ಹಾಗೆ, ಕೊಕ್ಕು ಸಮೇತ.
ರೊಡ್ರಿಗ್ಸಿನಲ್ಲಿ ಹಂಸ ಕಂಡವರು
ಯಾರೂ ಇಲ್ಲ.

ಇಲ್ಲಿ ಒಂದು ಬಕೆಟ್ಟು, ಒಂದು ಚೊಂಬು.
ಫ್ಯಾನು ಉಂಟು, ಬೇಕಾಗುವುದಿಲ್ಲ;
ಗಾಳಿ ಆಗ್ನೇಯದಿಂದ ಬಂದು
ಬಾಗಿಲು ತಟ್ಟದೆ ಮಂಚದ ಮೇಲೆ ಕೂರುತ್ತದೆ.
ರಾತ್ರಿ ತಗಡು ಕುಯ್ಯೆಂದರೆ ಹೆದರಬೇಡಿ,
ಚಂಡಮಾರುತ ಸಡಿಲಿಸಿ ಹೋದ ಮೊಳೆ ಅದು.
ಎವ್ರಾರ್ ಇದ್ದಿದ್ದರೆ ಬಡಿಯುತ್ತಿದ್ದ.
ಎವ್ರಾರ್ ಈಗ ಮಾರಿಷಸ್ಸಿನಲ್ಲಿ
ಇನ್ನೊಬ್ಬಳ ತಗಡಿಗೆ ಮೊಳೆ ಬಡಿಯುತ್ತಿದ್ದಾನೆ.

ಊಟಕ್ಕೆ ಮೆಕ್ಕೆಜೋಳದ ನುಚ್ಚು, ಕೆಂಪು ಬೀನ್ಸಿನ ಸಾರು,
ಸಿಕ್ಕ ದಿನ ಮೀನು, ಸಿಗದ ದಿನ ಮೊಟ್ಟೆ.
ಸೂಜಿಮೆಣಸಿನ ಉಪ್ಪಿನಕಾಯಿಯನ್ನು
ಉಗುರಿನ ತುದಿಯಷ್ಟೇ ಹಾಕಿಕೊಳ್ಳಿ,
ಆಮೇಲೆ ನನ್ನನ್ನು ಬಯ್ಯಬೇಡಿ.

ಗುರುವಾರ ಮಾತ್ರ ಒಲೆ ಹಚ್ಚುವುದಿಲ್ಲ.
ಗುರುವಾರ ನೀವು ಗ್ರಾವಿಯೆಗೆ ಹೋಗುತ್ತೀರಿ,
ನೀಲಿ ಬಾಗಿಲು, ಮುಂದೆ ಮುರಿದ ದೋಣಿ,
ಕ್ಲೊಟಿಲ್ಡ್ ಎಂದು ಕೇಳಿ, ನಾಯಿಯೂ ದಾರಿ ತೋರಿಸುತ್ತದೆ.
ಮುಚ್ಚಿದ್ದ ಹಿನ್ನೀರು ಹೋದ ವಾರವಷ್ಟೇ ತೆರೆಯಿತು,
ಹೆಂಗಸರು ಈಟಿ ಹಿಡಿದು ಇಳಿದರು;
ಜುರೀತ್ ಅನ್ನುತ್ತೇವೆ ನಾವು, ನಿಮ್ಮ ಆಕ್ಟೋಪಸ್ಸಿಗೆ.
ಅದನ್ನು ಅವಳ ಹಾಗೆ ಬೇಯಿಸುವವರು ಈ ಕಡೆ ಇಲ್ಲ.
ನಾನೂ ಇಲ್ಲ.
ನಾನು ಕಳಿಸಿದೆ ಅನ್ನಬೇಡಿ.

ಅಕ್ಕ.
ಅಮ್ಮ ಹೋದ ಮೇಲೆ ಮನೆ ನನಗೆ ಬಂತು,
ಎರಕದ ಪಾತ್ರೆ ಅವಳಿಗೆ.
ಯಾರಿಗೆ ಹೆಚ್ಚು ಸಿಕ್ಕಿತೆಂದು
ಹನ್ನೊಂದು ವರ್ಷವಾದರೂ ತೀರ್ಮಾನವಾಗಿಲ್ಲ.
ಇಗರ್ಜಿಯಲ್ಲಿ ಅವಳು ಎಡದ ಬೆಂಚು, ನಾನು ಬಲದ್ದು;
ಶಾಂತಿ ಹೇಳಿ ಕೈ ಹಿಡಿಯುವ ಹೊತ್ತಿಗೆ ಸರಿಯಾಗಿ
ಇಬ್ಬರಿಗೂ ಕೆಮ್ಮು.

ತಿಂದು ಬಂದವರು ನನಗೆ ಹೇಳಬೇಕು, ಅದೇ ಕರಾರು.
ಕೆಲವರು ಫೋಟೋ ತೋರಿಸುತ್ತಾರೆ,
ಫೋಟೋ ಮೂಸಿದರೆ ಏನು ಬರುತ್ತದೆ?
ಹೋದ ತಿಂಗಳು ಬಂದಿದ್ದ ಒಬ್ಬ ನರ್ಸು
ಸೂಟ್‌ಕೇಸಿನ ಮೇಲೆ ಕೂತು ಜಿಪ್ಪು ಎಳೆಯುತ್ತಾ ಅಂದಳು:
ಮೀನು ಚೆನ್ನಾಗಿತ್ತು, ಉಪ್ಪು ಮಾತ್ರ ಬಾಯಿಗಿಡುವ ಹಾಗಿರಲಿಲ್ಲ.

ನನಗೆ ಹಾಲು ಕುಡಿದಷ್ಟು ಸಂತೋಷ.
ಮೂರು ಮನೆಗೆ ಹೇಳಿಕೊಂಡು ಬಂದೆ.

ರಾತ್ರಿ ಆ ಮೊಳೆ ಕುಯ್ಯೆಂದಾಗ ನೆನಪಾಯಿತು.
ಅಮ್ಮನಿಗೆ ಕಣ್ಣಿಗಿಂತ ಮೊದಲು ನಾಲಿಗೆ ಹೋಗಿತ್ತು.
ಹಾಕಿದ್ದು ಸಾಲದೆಂದು ಮತ್ತೆ ಹಾಕುತ್ತಿದ್ದಳು.
ನಾವಿಬ್ಬರೂ ಅವಳ ಬೆನ್ನ ಹಿಂದೆ ತಟ್ಟೆಗೆ ನೀರು ಬೆರೆಸಿ
ಏನೂ ಅನ್ನದೆ ಉಂಡೆವು, ಎರಡು ವರ್ಷ.

ಬಸ್ಸು ಹನ್ನೊಂದಕ್ಕೆ. ಡ್ರೈವರಿಗೆ ಮೊದಲೇ ಹೇಳಿಡಿ,
ಇಲ್ಲದಿದ್ದರೆ ಕೊನೆಯ ನಿಲ್ದಾಣದವರೆಗೂ ಹಾಡುತ್ತಾ ಒಯ್ಯುತ್ತಾನೆ.
ಉಪ್ಪಾದರೆ ಅವಳಿಗೆ ಅನ್ನಬೇಡಿ, ಇನ್ನಷ್ಟು ನುಚ್ಚು ಕೇಳಿ.
ಈ ನಾಲ್ಕು ನಿಂಬೆ ಚೀಲದಲ್ಲಿರಲಿ,
ದಾರಿಯಲ್ಲಿ ಸಿಕ್ಕಿತೆಂದು ಕೊಡಿ.
ಸಿಪ್ಪೆ ಗೀರಿದರೆ ಸಾಕು, ಯಾವ ಹಿತ್ತಲ ಮರವೆಂದು
ಅವಳಿಗೆ ಗೊತ್ತಾಗುತ್ತದೆ.
ಆಗಲಿ.

ಮತ್ತೆ, ಕೋಣೆ ಬೇಕೋ ಬೇಡವೋ?
ಸಮುದ್ರ ಕಾಣುವುದಿಲ್ಲ ಅಂತ
ಆಗಲೇ ಹೇಳಿದ್ದೇನೆ.