ಝುಝುನಾಳ ಮೆಗ್ಗರ್

ಚಿಯಾತುರಾ. ಮ್ಯಾಂಗನೀಸಿನ ಕಪ್ಪು ಮೆತ್ತಿದ ಹಿಮ.
ರೋಪ್‌ವೇ ಡಬ್ಬಿಗಳು ಮೂರು ದಿನದಿಂದ ನಿಂತಲ್ಲೇ,
ಮೇಲಿನ ಕೇರಿಯವರು ಮೆಟ್ಟಿಲೆಣಿಸುತ್ತ ಗಣಿಗೆ ಇಳಿಯುತ್ತಾರೆ.

ಝುಝುನಾ ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ.
ಒಂದು ತಂತಿ ತಾಮ್ರದ ಸುರುಳಿಗೆ, ಇನ್ನೊಂದು
ಬಣ್ಣ ಕೆರೆದ ಕಬ್ಬಿಣದ ಮೈಗೆ.
"ಮುಟ್ಟಬೇಡ" ಎಂದು ನನ್ನ ಕೈಗೊಂದು ಏಟು.

ಈ ಪೆಟ್ಟಿಗೆಯ ಮುಳ್ಳಿಗೆ ಸ್ಪ್ರಿಂಗಿಲ್ಲ.
ಸುಮ್ಮನಿದ್ದಾಗ ಎಲ್ಲಿ ಬೇಕಾದರೂ ಒರಗುತ್ತದೆ,
ಆಗ ಅದರ ಮಾತು ನಂಬಬಾರದು.
ಹಿಡಿ ತಿರುಗಿಸಿದರೆ ಒಳಗೆ ಐನೂರು ವೋಲ್ಟು ಏಳುತ್ತದೆ,
ಎರಡು ಸುರುಳಿ ಮುಳ್ಳನ್ನು ಎರಡು ಕಡೆಗೆ ಜಗ್ಗುತ್ತವೆ:
ಒಂದಕ್ಕೆ ಒತ್ತಡದ ಬಲ, ಇನ್ನೊಂದಕ್ಕೆ ಸೋರಿಕೆಯ ಬಲ.
ಕೈ ಕೊಂಚ ಸೋತರೆ ಎರಡೂ ಒಟ್ಟಿಗೆ ಸೋಲುತ್ತವೆ,
ಮುಳ್ಳು ಅಲ್ಲಾಡುವುದಿಲ್ಲ.

ಪೂರಾ ಒಂದು ನಿಮಿಷ. ಅವಳು ಗಡಿಯಾರ ನೋಡುವುದಿಲ್ಲ,
ಕಣಿವೆಯ ನಿಲ್ದಾಣಗಳ ಹೆಸರು ಹೇಳಿಕೊಳ್ಳುತ್ತಾಳೆ,
ಮುಚ್ಚಿಹೋದವನ್ನೂ ಸೇರಿಸಿ.

ಒಣಗಿದ ಸುರುಳಿಯಾದರೆ ಮುಳ್ಳು
ಮೆಲ್ಲಗೆ ಅನಂತದ ಕಡೆ ಹತ್ತಬೇಕು.
ಇದು ಅರ್ಧ ಮೆಗೋಮಿಗೆ ಬಂದು ಕೂತಿತು.
"ಥಂಡಿ ಕುಡಿದಿದೆ" ಎಂದಳು, ಬೈಯದೆ.

ರಾತ್ರಿಯಿಡೀ ನಾಲ್ಕು ಬಲ್ಬು ಉರಿಸಿ
ಮೇಲೆ ಅವಳ ಕೋಟು ಹೊದಿಸಿ
ಮೋಟಾರನ್ನು ಬೆಚ್ಚಗೆ ಮಲಗಿಸಿದೆವು.

ಬೆಳಿಗ್ಗೆ ಹಿಡಿ ನನ್ನ ಕೈಗೆ ಕೊಟ್ಟಳು.
ಮುಳ್ಳು ಎದ್ದಿತು, ನೂರು ದಾಟಿತು, ಇನ್ನೂ ಏರುತ್ತಿತ್ತು.
ಖುಷಿಯಲ್ಲಿ ತಂತಿ ಬಿಚ್ಚಹೋದೆ.
ನಾನು ತಿರುಗಿಸಿದ್ದನ್ನೆಲ್ಲ ತಾಮ್ರ
ಇನ್ನೂ ಒಳಗೇ ಹಿಡಿದಿಟ್ಟುಕೊಂಡಿತ್ತು:
ಮೊಣಕೈವರೆಗೆ ಝುಮ್ಮೆಂದಿತು.

ಝುಝುನಾ ನಕ್ಕಳು, ಮೂರು ದಿನಕ್ಕೆ ಮೊದಲ ಸಲ.