ಕೀವಿನ ಹಸಿರು

ರಾತ್ರಿ ಪಾಳಿ. ಬೀದರ ಆಸ್ಪತ್ರೆಯ ಲ್ಯಾಬಿನಲ್ಲಿ
ಫ್ಯಾನು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ.
ಗಾಜಿನ ಪಟ್ಟಿಯ ಮೇಲೆ ಯಾಸೀನ್ ಚಾಚಾನ ಹೆಬ್ಬೆರಳಿನ ಕೀವು.
ಬಣ್ಣ ಹಾಕಿ, ತೊಳೆದು, ಒಣಗಿಸಿ,
ಒಂದು ಹನಿ ಎಣ್ಣೆ ಬಿಟ್ಟು ಕಣ್ಣು ಹಚ್ಚಿದೆ.

ಮೂರೆಸಳು, ನಾಲ್ಕೆಸಳಿನ ನೇರಳೆ ಬೀಜಗಳು.
ಕೆಲವು ಇಡಿಯಾಗಿ, ಕೆಲವು ಸಾಸಿವೆಯಷ್ಟಕ್ಕೆ ಮುದುರಿ,
ಕೆಲವು ಒಡಲನ್ನೇ ಬಿಚ್ಚಿ
ಎಳೆ ಎಳೆಯಾಗಿ ಬಲೆ ಎಸೆದಂತೆ.
ಸತ್ತವರನ್ನು ಎಣಿಸುವುದು ನನ್ನ ಕೆಲಸ. ಸಂಬಳ ತಿಂಗಳ ಏಳಕ್ಕೆ.

‘ತಾರು ಕೂಡ್ರಸೋವಾಗ ಉಳಿ ಜಾರ್ತವ್ವ,
ಹನ್ನೊಂದು ದಿನ ಆತು, ಉರೀಲತ್ತದ’
ಅಂದಿದ್ದ ಸಂಜೆ.
ಮಗಳು ತಸ್ಕೀನ್ ಚೀಲ ಬಿಚ್ಚಿದಳು:
ವಿಟಮಿನ್ ಮಾತ್ರೆ ಮೂರು ಪಟ್ಟಿ, ನೆಲ್ಲಿಕಾಯಿ ಪುಡಿ ಒಂದು ಡಬ್ಬಿ.
‘ಉರಿ ಆರಸ್ತಾವಂತ, ಮೊಬೈಲ್‌ನಾಗ ಹೇಳ್ಯಾರ.
ಎಷ್ಟು ಕೊಟ್ರ ಅಷ್ಟು ಚಲೋ ಅಲ್ಲೇನ್ರಿ?’
ನಾನು ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಕ್ಕೂ ಹೊತ್ತಿರಲಿಲ್ಲ.

ಆ ಉರಿ ಇವರದೇ, ತಸ್ಕೀನ್.
ಉಳಿ ಚುಚ್ಚಿದ ಸುದ್ದಿಗೆ ಮೂಳೆಯೊಳಗಿಂದ ಎದ್ದು
ನಾಳದ ಗೋಡೆ ನುಸುಳಿ ಬಂದರು.
ಉಸಿರ ಗಾಳಿಯನ್ನೇ ಕಾಸಿ ಬೆಂಕಿ ಮಾಡಿದರು,
ಮೈಯ ಉಪ್ಪಿನಿಂದ ಬ್ಲೀಚಿಂಗ್ ನೀರು ಇಳಿಸಿದರು
(ಈ ಫರಸಿ ಒರೆಸುತ್ತಾರಲ್ಲ, ಅದೇ).
ಕ್ರಿಮಿ ಸತ್ತಿತು. ಎಸೆದ ಕೈಗೂ ಹತ್ತಿತು.
ಈ ಹಸಿರು ಅವರು ಬಿಟ್ಟುಹೋದ ಆಯುಧದ ಬಣ್ಣ.

ಒಬ್ಬ ದೀಪ ಆರಿಸಿ, ತನ್ನನ್ನು ತಾನೇ ಮಡಚಿಟ್ಟು,
ಹೊರಬಾಗಿಲಿಗೆ ಗುರುತು ಹಚ್ಚುತ್ತಾನೆ: ಒಯ್ಯಿರಿ.
ದೊಡ್ಡ ಕಣವೊಂದು ಬಂದು ನುಂಗುತ್ತದೆ, ಸದ್ದಿಲ್ಲದೆ.
ಇನ್ನೊಬ್ಬ ಒಡೆದು ಸಾಯುತ್ತಾನೆ;
ಅವನ ಮನೆಯ ಬೆಂಕಿ ಪಕ್ಕದ ಮನೆಗೆ.
ಚಿಟಿಕೆ ಉರಿ ಹೆಚ್ಚಾದರೆ ಮೊದಲನೆಯವನೂ ಎರಡನೆಯವನೇ.
ಉರಿಯೇ ಇಲ್ಲದಿದ್ದರೆ?
ಸಾಯುವುದನ್ನೇ ಮರೆತು ಕೂಡುತ್ತಾನೆ,
ಮದುವೆ ಮುಗಿದರೂ ಏಳದ ಬೀಗರ ಹಾಗೆ,
ಬಾವು ಇಳಿಯುವುದಿಲ್ಲ.

ಹುಮನಾಬಾದಿನಿಂದ ಒಂದು ಕೂಸು ಬರುತ್ತಿತ್ತು, ಹೋದ ವರ್ಷ.
ಬೆಂಕಿ ಹೊತ್ತಿಸಲು ಬಾರದ ಬಿಳಿಕಣ, ಹುಟ್ಟಿನಿಂದಲೇ.
ಮೈತುಂಬ ಗಂಟು.
ಹೆಸರು ಬರೆಯುವುದಿಲ್ಲ ಇಲ್ಲಿ.

ಚಾಚಾಗೆ ಇದೆಲ್ಲ ಗೊತ್ತು, ಬೇರೆ ಮಾತಿನಲ್ಲಿ.
ಕೋಟೆಯೊಳಗೆ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣು,
ನಾಲಿಗೆಗೆ ಹಚ್ಚಿ ಆರಿಸುತ್ತಾನೆ.
ನವಸಾಗರ ಬೆರೆಸಿದ ನೀರಿಗೆ ಹೂಜಿ ಅದ್ದಿದರೆ
ಸತು ಕರ್ರಗಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.
‘ಎಷ್ಟೊತ್ತು ಇಡಬೇಕು?’ ಕೇಳಿದ್ದೆ,
ಬೆರಳು ಹಿಂಡುವಾಗ ನೋವು ಮರೆಯಲೆಂದು.
‘ಗಡಿಯಾರ ಬ್ಯಾಡವ್ವ. ಲಗೂ ತೆಗೆದ್ರ ಬೂದಿ ಬಣ್ಣ,
ಬಿಟ್ಟು ಕೂತ್ರ ತಾರಿನ ಬುಡ ಸಡ್ಲಾಗತದ.
ಕಪ್ಪು ತಾನೇ ಸಾಕು ಅಂತದ. ಕೇಳಬೇಕು.’

ತಸ್ಕೀನ್, ಊಟದ ಜತೆ ಒಂದು ನೆಲ್ಲಿಕಾಯಿ ಇರಲಿ.
ಮಾತ್ರೆಯ ಮಾತು ನಾಳೆ ಡಾಕ್ಟರರ ಹತ್ತಿರ.

ಮೂರು ಗಂಟೆ. ಪಟ್ಟಿ ಸರಿಸುತ್ತ ಸರಿಸುತ್ತ
ಅಂಚಿನಲ್ಲಿ ಸಿಕ್ಕಿತು:
ಒಂದು ದೊಡ್ಡ ಕಣ, ಹೊಟ್ಟೆಯಲ್ಲಿ ಎರಡು ನೇರಳೆ ಸಾಸಿವೆ.
ನುಂಗಿ ಸುಮ್ಮನೆ ಕೂತಿದೆ.

ಕೀವುಕಣ: ಹೇರಳ, ಅಂತ ಬರೆದೆ.
ಹೇಗೆ ಸತ್ತರು ಅನ್ನುವುದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ, ಅಳಿಸಿದರೆ ಅಳಿಸಲಿ ಅಂತ,
ಒಂದು ಗೀಟು ಹಾಕಿದೆ.